ಕ್ರ್ಯಾನ್‌ಬೆರಿ ಗುಳಂಬ

ಕ್ರ್ಯಾನ್‌ಬೆರಿ ಹಣ್ಣನ್ನು ನಮ್ಮತ್ತೆ ಮೊದಲ ಸಲ ಬಾಯಿಗಿಟ್ಟುಕೊಂಡಾಗ ಅವರ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. “ಯವ್ವಾ, ಇದು ನಮ್ಮ ಕವಳಿಕಾಯಿ ತಂಗಿ ಇದ್ದಂಗೈತಿ!” ಎಂದರು. ೨೦೦೭ರ ಸುಮಾರು. ಆಗ ನಾವು ಪರದೇಶದಲ್ಲಿ, ಟೋವಾ ಪಾಯೋ ಎಂಬ ಬಡಾವಣೆಯ ಹಳೆಯ ವಸತಿ ಬ್ಲಾಕೊಂದರಲ್ಲಿ ಬಾಡಿಗೆಗಿದ್ದೆವು. ಗಂಡ ಹೆಂಡತಿ ಇಬ್ಬರೂ ಬ್ಯೂನಾ ವಿಸ್ಟಾದಲ್ಲಿ ಆಫೀಸಿಗೆ ಹೋಗುತ್ತಿದ್ದುದರಿಂದ ಮಗಳನ್ನು ನೋಡಿಕೊಳ್ಳಲು ಅತ್ತೆ ಬಾಗಲಕೋಟೆಯಿಂದ ಬಂದಿದ್ದರು.

ಹಣ್ಣು ತಂದವರು ಪಕ್ಕದ ಮನೆಯ ಆಂಟಿ. ಯುರೋಪು, ಏಷ್ಯ ಎರಡೂ ಬೆರೆತ ಮನೆತನದ ಯುರೇಷಿಯನ್ ಹೆಂಗಸು, ಗಂಡ ತೀರಿಹೋಗಿದ್ದರು, ಮಗನೊಬ್ಬ ಪರ್ತ್‌ನಲ್ಲಿದ್ದ. ಅವರಿಗೆ ಕನ್ನಡ ಬಾರದು, ಅತ್ತೆಗೆ ಬರುತ್ತಿದ್ದ ಇಂಗ್ಲಿಷು ನಾಲ್ಕು ಮಾತು. ಆದರೂ ಇಬ್ಬರೂ ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು, ಸೊಪ್ಪು ಸೋಸುತ್ತ, ಮಧ್ಯಾಹ್ನವಿಡೀ ಹರಟುತ್ತಿದ್ದರು. ಏನು ಹರಟುತ್ತಿದ್ದರೋ ಆ ಶಿವನೇ ಬಲ್ಲ.

ಕ್ರಿಸ್‌ಮಸ್‌ಗೆ ಆಂಟಿ ಟರ್ಕಿ ಕೋಳಿ ಬೇಯಿಸುತ್ತಿದ್ದರು, ಜೊತೆಗೆ ಈ ಹಣ್ಣಿನ ಸಾಸು. ದಿನವೂ ಲಿಂಗಪೂಜೆ ಮಾಡುವ ಅತ್ತೆ ಮಾಂಸದ ಪಾತ್ರೆಯಲ್ಲಿ ಮಾಡಿದ್ದನ್ನು ಮುಟ್ಟುವುದಿಲ್ಲ ಎಂದು ಅವರಿಗೆ ಹೇಗೋ ಗೊತ್ತಾಗಿತ್ತು. ಆ ವರ್ಷ ಹಣ್ಣಿನ ಚೀಲ, ಎರಡು ಕಿತ್ತಳೆ ಹಿಡಿದು ನಮ್ಮ ಅಡುಗೆಮನೆಗೇ ಬಂದರು. ನಿಮ್ಮ ಪಾತ್ರೆಯಲ್ಲೇ ಮಾಡೋಣ, ಆಗ ಅತ್ತೆಯೂ ತಿನ್ನಬಹುದಲ್ಲ ಎಂದರು.

ಸಕ್ಕರೆ, ನೀರು, ಕಿತ್ತಳೆ ರಸ ಕುದಿ ಬಂದ ಮೇಲೆ ಹಣ್ಣು ಸುರಿದರು. ಹಣ್ಣುಗಳು ಪಟಪಟನೆ ಒಡೆದು ಪಾತ್ರೆಯೆಲ್ಲ ಕೆಂಪಾಯಿತು. ಸಾಸು ಇನ್ನೂ ತೆಳ್ಳಗಿರುವಾಗಲೇ ಆಂಟಿ ಒಲೆ ಆರಿಸಿದರು; ತಣ್ಣಗಾದರೆ ತಾನೇ ಗಟ್ಟಿಯಾಗುತ್ತದಂತೆ. ಅತ್ತೆ ನಂಬಲಿಲ್ಲ. ವರ್ಷಾ ವರ್ಷಾ ಮಾವಿನಕಾಯಿ ಗುಳಂಬ ಮಾಡಿ ಪಳಗಿದ ಕೈ ಅವರದು, ಎಳೆ ಪಾಕ ಬರದೆ ಒಲೆ ಆರಿಸುವುದೆಂದರೇನು? ಆಂಟಿ ತಮ್ಮ ಪಾಲನ್ನು ಬಾಟಲಿಗೆ ತುಂಬಿಕೊಂಡ ಮೇಲೆ ಉಳಿದದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಮತ್ತೆ ಕುದಿಸಿದರು. ಅದು ಆರಿ ಚಿಕ್ಕಿಯಂತಾಯಿತು, ಚಮಚ ಒಳಗಿಳಿಯಲಿಲ್ಲ. “ಮಾಡಿದ್ದುಣ್ಣೋ ಮಹರಾಯ” ಎಂದು ಕೆಣಕಿದೆ. ಅತ್ತೆ ಅದನ್ನು ಚಾಕುವಿನಲ್ಲಿ ಕೆತ್ತಿ ಚಪಾತಿಯ ಜೊತೆ ತಿಂದು, ಚಲೋ ಆಗೇತಿ ಎಂದೇ ವಾದಿಸಿದರು. ಆಂಟಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಹೊರಡುವಾಗ ಆಂಟಿ ಬಾಗಿಲಲ್ಲಿ ನಿಂತು, ಕ್ರಿಸ್‌ಮಸ್ ಮಧ್ಯಾಹ್ನ ಊಟಕ್ಕೆ ಬರಬೇಕೆಂದು ಅತ್ತೆಯನ್ನು ಕರೆದರು. ಕೋಳಿಯ ಟೇಬಲ್ಲೇ ಬೇರೆ. ಅತ್ತೆಗೆ ಕಿಟಕಿಯ ಹತ್ತಿರ ಇನ್ನೊಂದು ಟೇಬಲ್, ಅದರ ಮೇಲೆ ಹಣ್ಣು, ಬ್ರೆಡ್ಡು, ಈ ಸಾಸು ಅಷ್ಟೇ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಕೈಯಾಡಿಸಿ, “ನೋ ನೋ, ಥ್ಯಾಂಕ್ಯೂ” ಎಂದರು.

“ನೆವರ್ ಮೈಂಡ್ ಲಾ, ಐ ಅಂಡರ್‌ಸ್ಟ್ಯಾಂಡ್” ಎಂದು ಆಂಟಿ ಕೈಮುಗಿದು ಹೋದರು. ನನಗೂ ಅದರಲ್ಲಿ ಅಚ್ಚರಿ ಕಾಣಲಿಲ್ಲ. ಕೋಳಿ ಬೇಯುವ ಮನೆಗೆ ಅತ್ತೆ ಹೋಗಿಯಾರೇ?

ಕ್ರಿಸ್‌ಮಸ್ ದಿನ ಅತ್ತೆ ಬೇಗ ಪೂಜೆ ಮುಗಿಸಿ, ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟು, ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಪಕ್ಕದ ಮನೆಯಲ್ಲಿ ಜನರ ಸದ್ದು, ನಗು. “ಎಲ್ಲಿಗಾದ್ರೂ ಹೋಗ್ಬೇಕಾ ಅತ್ತೆ?” ಎಂದೆ. “ಇಲ್ಲವಾ, ಸುಮ್ನ ಕುಂತೀನಿ” ಎಂದರು. ತಿಂಡಿ ಮುಟ್ಟಲಿಲ್ಲ. ಪಕ್ಕದ ಮನೆಯಲ್ಲಿ ಊಟ ಮುಗಿದು ತಟ್ಟೆ ತೊಳೆಯುವ ಸದ್ದು ಕೇಳಿದ ಮೇಲೆ ಎದ್ದು ಸೀರೆ ಬದಲಿಸಿ, ತಣ್ಣಗಿನ ಅನ್ನಕ್ಕೆ ಮೊಸರು ಕಲಸಿಕೊಂಡರು. ಆಗಷ್ಟೇ ನನ್ನ ಮಂದ ತಲೆಗೆ ಹೊಳೆಯಿತು.

“ನೀವು ಹೋಗೋಕೆ ರೆಡಿಯಾಗಿ ಕೂತಿದ್ರಾ?”

“ಒಮ್ಮೆ ಕರದ್ರ ಓಡಿ ಹೋಗಾಕ ನಾವೇನು ಉಪವಾಸ ಬಿದ್ದೀವೇನು? ಬ್ಯಾಡ ಅಂದಾಗ ಇನ್ನೊಮ್ಮೆ ಕರೀಬೇಕು. ಬಾಯಿಮಾತಿಗೆ ಕರದಳು ಅಕಿ.”

ಬೆಂಗಳೂರಿನಲ್ಲಿ ಬೆಳೆದ ನನಗೆ ಅದು ತಿಳಿಯದ ಸಂಗತಿಯಲ್ಲ, ಮೈಗೆ ಹತ್ತಿರಲಿಲ್ಲ ಅಷ್ಟೇ. ಅತ್ತೆಯ ಕಡೆ ಮೊದಲ ‘ಬ್ಯಾಡ’ ಬರೀ ಮರ್ಯಾದೆ. ಕರೆದವರು ಒತ್ತಾಯ ಮಾಡಬೇಕು, ಕೈ ಹಿಡಿದು ಎಳೆಯಬೇಕು. ಆಗಲೇ ಅದು ಕರೆಯುವುದು. ಆಂಟಿಗೋ, ದೇವರ ಕಟ್ಟಳೆ ಇರುವ ಹಿರಿಯಳನ್ನು ಎರಡನೇ ಸಲ ಒತ್ತಾಯಿಸುವುದೇ ಅವಮರ್ಯಾದೆ. ಇಬ್ಬರೂ ಒಳ್ಳೆಯವರೇ. ಆ ಒಳ್ಳೆಯತನದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆಂಟಿಗೆ ಹೇಳಿಬಿಡುತ್ತೇನೆ ಎಂದೆ. ಅತ್ತೆ ನನ್ನಿಂದ ನನ್ನ ಮಗಳ ಮೇಲೆ ಆಣೆ ಹಾಕಿಸಿದರು. “ಹೇಳಿ ಕರಿಸ್ಕೊಳ್ಳೂದು ಒಂದು ಕರಿಯೂದೇನು? ಮುಂದಿನ ವರ್ಷ ನೋಡೂಣು.”

ಮುಂದಿನ ವರ್ಷ ಬರಲೇ ಇಲ್ಲ. ಆಗ ಊರಿಡೀ ಮನೆಗಳ ಬೆಲೆ ಏರುತ್ತಿತ್ತು. ಆಂಟಿಯ ಮಗ ಬಂದು ಮನೆ ಮಾರಿ, ತಾಯಿಯನ್ನು ಪರ್ತ್‌ಗೆ ಕರೆದೊಯ್ಯಲು ನಿಂತ. ಹೊರಡುವ ದಿನ ಆಂಟಿ ಹೊಳೆಯುವ ಹೊಸ ಸ್ಟೀಲ್ ತಟ್ಟೆಯೊಂದನ್ನು ಅತ್ತೆಯ ಕೈಗಿಟ್ಟರು. ಕ್ರಿಸ್‌ಮಸ್‌ಗೆ ಲಿಟಲ್ ಇಂಡಿಯಾದಿಂದ ತಂದದ್ದಂತೆ. ಅತ್ತೆ ಮನಸ್ಸು ಬದಲಿಸಿ ಬಂದರೂ ಬರಬಹುದೆಂದು ಆವತ್ತು ಕಿಟಕಿಯ ಹತ್ತಿರ ಇಟ್ಟೇ ಇದ್ದರಂತೆ, ನೆಂಟರೆಲ್ಲ ಹೋಗುವವರೆಗೂ.

ಏನಂದಳೆಂದು ಅತ್ತೆ ಕೇಳಿದರು. ಹೇಳಿದೆ. ಅತ್ತೆ ತಟ್ಟೆಯನ್ನು ಸೆರಗಿನಲ್ಲಿ ಒರೆಸತೊಡಗಿದರು, ಅದರಲ್ಲಿ ಧೂಳೇನೂ ಇರಲಿಲ್ಲ.

“ನಾ ಬರಾಕಿ ಇದ್ನಿ ಅಂತ ಹೇಳವಾ. ಸೀರಿ ಉಟ್ಕೊಂಡು ಕುಂತಿದ್ನಿ ಅಂತ ಹೇಳು.”

ಅದನ್ನೂ ಹೇಳಿದೆ. ಆಂಟಿ ನನ್ನ ಮುಖ ನೋಡಿದರು. “ದೆನ್ ವೈ ಶಿ ಸೇ ನೋ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಆಂಟಿಯ ಕೈ ಹಿಡಿದು ನಮ್ಮ ಬಾಗಿಲ ಕಡೆ ಎಳೆದರು. “ಬಾರವಾ, ಒಂದು ತುತ್ತು ಉಂಡು ಹೋಗು.” ಆಂಟಿ ನೋ ನೋ ಎಂದರು. ಅತ್ತೆ ಮತ್ತೆ ಕರೆದರು, ಮತ್ತೂ ಕರೆದರು, ಕೈ ಬಿಡಲಿಲ್ಲ. ಕೆಳಗೆ ಟ್ಯಾಕ್ಸಿ ಬಂದು ನಿಂತಿತ್ತು. ಆಂಟಿಯ ಆ ‘ನೋ’ ನಿಜವಾದ ನೋ ಆಗಿತ್ತು.