ಕಾಕಾ ಅಳಿಸಿದ್ದ ಫೋಟೊ

ವಿಜಾಪುರ ರಸ್ತೆಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ತಮ್ಮ ಮಗಳು ಸುನಂದಾಳ ತೊಟ್ಟಿಲ ಫೋಟೊ ಕಂಡೊಡನೆ ನನ್ನ ಅಪ್ಪನ ತಮ್ಮ, ಅಕ್ಕಲಕೋಟದ ಕಾಕಾ, ಕುರ್ಚಿಯಿಂದ ಎದ್ದುಬಿಟ್ಟರು.

ಮನೆಯವರ ಮಾತು ಮೀರಿ ಅವಳು ಮದುವೆಯಾದಾಗ ಕಾಕಾ ಸಿಟ್ಟಿನಲ್ಲಿ ಆಲ್ಬಮ್ ಸುಟ್ಟಿದ್ದರು. ತಮ್ಮ ಕಂಪ್ಯೂಟರಿನಲ್ಲಿದ್ದ ಅವಳ ಫೋಟೊಗಳನ್ನೂ ಅಳಿಸಿದ್ದರು. ಈಗ ರಾಜಿಯಾಗಿ ಮೊಮ್ಮಗಳು ಹುಟ್ಟಿದ್ದಳು. ಕೂಸು ಥೇಟ್ ತಾಯಿಯಂತೆಯೇ ಇದೆ ಎಂದು ಎಲ್ಲರೂ ಅನ್ನುವಾಗ, ಹೋಲಿಸಿ ನೋಡಲು ಅವರ ಬಳಿ ಒಂದೂ ಫೋಟೊ ಇರಲಿಲ್ಲ.

“ಎಲ್ಲಾ ನಾನ ಅಳಿಸಿದ್ನಲ್ಲವ್ವಾ, ಇದೆಲ್ಲಿ ಉಳಿದಿತ್ತು?” ಎಂದು ವೈನಿಯನ್ನು ಕೇಳಿದರು.

ಎಲ್ಲರ ಆಲ್ಬಮ್‌ಗಳನ್ನು ಸ್ಕ್ಯಾನ್ ಮಾಡಿಸಿ, ನಮ್ಮ ಮೂರು ಮನೆಗಳ ಕಂಪ್ಯೂಟರಿಗೂ ಸೀಡಿಯಿಂದ ಹಾಕಿಕೊಟ್ಟಿದ್ದವರು ನನ್ನ ಅಣ್ಣನ ಹೆಂಡತಿ, ಈ ವೈನಿಯೇ.

“ನೀವು ನಿಮ್ಮ ಮನ್ಯಾಗಿಂದು ಅಷ್ಟ ಅಳಿಸೀರಿ, ಕಾಕಾ. ಒಬ್ಬರ ಕೈತಪ್ಪಿಗೋ ಸಿಟ್ಟಿಗೋ ಎಲ್ಲಾರ ಫೋಟೊ ಹೋಗಬಾರ್ದಂತ ಮೂರೂ ಮನ್ಯಾಗ ಬ್ಯಾರೆಬ್ಯಾರೆ ಇಟ್ಟೀನ್ರಿ” ಎಂದರು ವೈನಿ.

ಕಾಕಾ ಪರದೆಯ ಮೇಲೆ ಕೈಯಿಟ್ಟು ಅಳತೊಡಗಿದರು.

ವೈನಿ ಒಂದೂ ಬುದ್ಧಿಮಾತು ಹೇಳಲಿಲ್ಲ. ಚಹಾ ಮಾಡುವ ನೆಪದಲ್ಲಿ ನನ್ನನ್ನೂ ಒಳಗೆ ಕರೆದೊಯ್ದು, ಕಾಕಾರನ್ನು ಮಗಳ ಫೋಟೊದೊಂದಿಗೆ ಬಿಟ್ಟರು. ಫೋಟೊ ಉಳಿಸಿದ ಅವರ ಜಾಣತನಕ್ಕಿಂತ, ಆ ಹೊತ್ತಿನ ಮೌನದ ಬಗ್ಗೆ ನನಗೆ ಇಂದಿಗೂ ಹೆಚ್ಚು ಗೌರವ.