ಮೀಟರಿನ ಕೆಂಪು ಚುಕ್ಕಿ

ಅಮ್ಮನಿಗೆಂದು ಅರಸೀಕೆರೆಯಿಂದ ಆಕ್ಸಿಜನ್ ಮಷಿನ್ ಬಾಡಿಗೆಗೆ ತಂದ ದಿನವೇ ಅಪ್ಪ ಜಗಲಿಯಿಂದ ನನ್ನನ್ನು ಕೂಗಿದರು. ಬಾಗಿಲ ಪಕ್ಕದ ಕರೆಂಟ್ ಮೀಟರಿನಲ್ಲಿ ಕೆಂಪು ಚುಕ್ಕಿಯೊಂದು ಮೇಲಿಂದ ಮೇಲೆ ಮಿನುಗುತ್ತಿತ್ತು. ಮೀಟರು ಕೆಟ್ಟಿದೆ, ಮೇನ್ ಆಫ್ ಮಾಡಲೇ ಎಂದು ಗಾಬರಿಯಾಗಿದ್ದರು. ಕೆಟ್ಟಿಲ್ಲ, ಕರೆಂಟು ಖರ್ಚಾದ ಹಾಗೆಲ್ಲ ಅದು ಮಿನುಗುತ್ತದೆ, ಒಂದೇ ಬಲ್ಬು ಉರಿಯುತ್ತಿದ್ದರೆ ಯಾವಾಗಲೋ ಒಮ್ಮೆ, ಮಷಿನ್ ಓಡುತ್ತಿದ್ದರೆ ಬೇಗ ಬೇಗ ಎಂದು ವಿವರಿಸಿದೆ. ಅಪ್ಪ ಸ್ವಲ್ಪ ಹೊತ್ತು ನೋಡಿ, "ನಿಮ್ಮಮ್ಮ ಉಸಿರಾಡೋ ಹಾಗೇ ಇದೆ ಕಣೇ" ಅಂದರು. ಹೆಚ್ಚುಕಡಿಮೆ ಅದೇ ಲಯ, ನಿಜ.

ಬಸ್ತಿಹಳ್ಳಿ ದಾರಿಯ ಪುಟ್ಟ ಈಶ್ವರನ ಗುಡಿಗೆ ಅಪ್ಪನೇ ಅರ್ಚಕರು. ಬೆಳಿಗ್ಗೆ ಮಿಂದು ಮಡಿಯುಟ್ಟರೆ ಪೂಜೆ ಮುಗಿಯುವ ತನಕ ಯಾರನ್ನೂ ಮುಟ್ಟುವಂತಿಲ್ಲ. ಅದೇನೋ ಸರಿ. ಆದರೆ ಪೂಜೆ ಮುಗಿಸಿ ಬಂದ ಮೇಲೂ, ಸಂಜೆ ಮತ್ತೆ ಗುಡಿಗೆ ಹೋಗಬೇಕಲ್ಲ ಎಂದು ಅಮ್ಮನ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಾಲೆಗೆ ರಜೆ ಹಾಕಿ ಅಮ್ಮನಿಗೆ ಗಂಜಿ ಕುಡಿಸಿ, ಮೈ ಒರೆಸಿ, ಮಗ್ಗುಲು ಬದಲಿಸುವವಳು ನಾನು; ಇವರು ಜಗಲಿಯಲ್ಲಿ ಕೂತು ಮೀಟರು ಕಾಯುವವರು. ಕರೆಂಟು ಹೋದರೆ ಸಾಕು, ಸಿಲಿಂಡರ್ ಹಾಕು ಎಂದು ನನಗಿಂತ ಮೊದಲೇ ಕೂಗುತ್ತಿದ್ದರು. ಮಡಿ ಬರೀ ನೆವ, ಅವರಿಗೆ ಅಮ್ಮನ ಮುಖ ನೋಡಲು ಹೆದರಿಕೆ ಎಂದು ನನಗೆ ಗೊತ್ತಿತ್ತು.

ಅಮ್ಮನಿಗೂ ಗೊತ್ತಿತ್ತು. ಚುಕ್ಕಿ ನೋಡುತ್ತಾ ಕೂತಿದ್ದಾರಾ ಎಂದು ಕೇಳಿ, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡೇ ನಗುತ್ತಿದ್ದಳು. ಒಂದು ಸಲ ಮಾತ್ರ ನಗಲಿಲ್ಲ. "ಒಂದ್ಸಲ ಬಂದು ಕೈ ಹಿಡ್ಕೊಳ್ಳೋಕೆ ಹೇಳೇ" ಅಂದಳು. ಹೇಳಿದೆ. ಅಪ್ಪ ನಾಳೆ ಅಂದರು.

ಮಾರನೆಯ ಬೆಳಿಗ್ಗೆ ಅಪ್ಪ ಹಿತ್ತಲಲ್ಲಿ ಮೀಯುತ್ತಿದ್ದಾಗ ಅಮ್ಮ ಹೋದಳು. ಮಷಿನ್ ತನ್ನ ಪಾಡಿಗೆ ಓಡುತ್ತಲೇ ಇತ್ತು. ನಾನು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಅಪ್ಪ ಒದ್ದೆ ಪಂಚೆಯಲ್ಲಿ, ಹೂವಿನ ಬುಟ್ಟಿ ಹಿಡಿದು, ಮೀಟರಿನ ಮುಂದೆ ನಿಂತಿದ್ದರು.

"ಇವತ್ತು ಚೆನ್ನಾಗಿ ಉಸಿರಾಡ್ತಿದಾಳೆ. ಪೂಜೆ ಮುಗಿಸಿ ಬಂದು ಪಕ್ಕದಲ್ಲಿ ಕೂತ್ಕೋತೀನಿ ಅಂತ ಹೇಳು" ಅಂದರು.

ಹೇಳದೆ ಬಿಡುವಂತಿರಲಿಲ್ಲ. ಹೆಂಡತಿ ಸತ್ತ ಸೂತಕದಲ್ಲಿ ಗರ್ಭಗುಡಿಗೆ ಹೋದೆನೆಂದು ಆಮೇಲೆ ತಿಳಿದರೆ ಆ ಮನುಷ್ಯ ತಡೆದುಕೊಳ್ಳುತ್ತಿರಲಿಲ್ಲ. ಒಳಗೆ ಹೋಗಿ ಮಷಿನ್ ಆಫ್ ಮಾಡಿದೆ. ಅಷ್ಟು ದಿನ ಅದರ ಸದ್ದಿಗೆ ಒಗ್ಗಿಹೋಗಿದ್ದ ಮನೆ ಗಕ್ಕನೆ ನಿಶ್ಶಬ್ದವಾಯಿತು.

ಹೊರಗೆ ಬಂದಾಗ ಅಪ್ಪ ಅಲ್ಲೇ ನಿಂತಿದ್ದರು. ಚುಕ್ಕಿ ಮತ್ತೆ ಮಿನುಗಲೆಂದು ಇಬ್ಬರೂ ಕಾದೆವು. ಬಹಳ ಹೊತ್ತಿನ ಮೇಲೆ ಒಮ್ಮೆ ಮಿನುಗಿತು. ದೇವರಮನೆಯ ಬಲ್ಬು ಉರಿಯುತ್ತಿತ್ತು, ಅಷ್ಟೆ.

ಅಪ್ಪ ಬುಟ್ಟಿಯನ್ನು ಜಗಲಿಯ ಮೇಲಿಟ್ಟರು. ಹೊಸ್ತಿಲು ದಾಟಿ ಹೋಗಿ, ಹಾಸಿಗೆಯ ಅಂಚಿಗೆ ಒದ್ದೆ ಪಂಚೆಯಲ್ಲೇ ಕೂತು, ಅಮ್ಮನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಬಂದೆ ಕಣೇ" ಅಂದರು.

ಅಮ್ಮನ ಕೈ ಇನ್ನೂ ಬೆಚ್ಚಗಿತ್ತು.