ಪಕ್ಕದ ಕೋಣೆಯ ಚೆಲುವಮ್ಮ

ಕಿರಂಗೂರಿನ ಅಕ್ಕಸಾಲಿ ಚಂದ್ರಶೇಖರಾಚಾರ್ ಒಂದು ದಿನವೂ ಕುಡಿದವರಲ್ಲ. ಕುಡಿಯುತ್ತಿದ್ದವಳು ಅವರ ಹೆಂಡತಿ ಚೆಲುವಮ್ಮ.

ಎರಡನೆಯ ಬಾಣಂತನದಲ್ಲಿ ಥಂಡಿಯಾಗದಿರಲೆಂದು ಅತ್ತೆ ದಿನಾ ಸಂಜೆ ಒಂದು ಮುಚ್ಚಳ ಬ್ರಾಂದಿ ಕುಡಿಸುತ್ತಿದ್ದರು. ಆ ಗಂಡುಮಗು ಹೆಸರಿಡುವ ಮೊದಲೇ ತೀರಿಕೊಂಡಿತು. ಅತ್ತೆ ಸೀಸೆಯನ್ನು ಎತ್ತಿಟ್ಟರು. ಎಲ್ಲಿಟ್ಟಿದ್ದಾರೆಂದು ಚೆಲುವಮ್ಮ ಹುಡುಕಿಕೊಂಡಳು. ಮುಂದೆ ಸೀಸೆ ಹೋಗಿ ಬ್ರಾಂದಿ ಪಾಕೀಟು ಬಂತು. ಪೆಟ್ಟಿಗೆ ಅಂಗಡಿಯವನು ಪೇಪರಿನಲ್ಲಿ ಸುತ್ತಿಕೊಡುತ್ತ "ಆಚಾರ್ರಿಗಾ?" ಎಂದು ಕೇಳುವನು. ಅವಳು ಹೂಂ ಅನ್ನುವಳು.

ಮಗಳು ಕೀರ್ತನ ಕಾಲೇಜಿಗೆ ಹೋಗುವ ಹೊತ್ತಿಗೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆ ಮಾತೆತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಮ್ಮ ಒಲೆಯ ಮೇಲೆ ಬಿದ್ದು ಕೈ ಸುಟ್ಟುಕೊಂಡಳು. ಆಗ ಕೀರ್ತನ ಮೊಬೈಲಿನಲ್ಲಿ ಹುಡುಕಿ, ಪಾಂಡವಪುರದ ಶಾಲೆಯೊಂದರಲ್ಲಿ ಭಾನುವಾರ ಕುಡಿತ ಬಿಡುವವರು ಸೇರುತ್ತಾರೆಂದು ಕಂಡುಹಿಡಿದಳು.

"ಹೋಗಮ್ಮ. ಅಲ್ಲಿ ಯಾರೂ ಊರು ಕೇರಿ ಕೇಳಲ್ವಂತೆ."

ಸುಟ್ಟ ಕೈಗೆ ಬಟ್ಟೆ ಕಟ್ಟಿಕೊಂಡು ಚೆಲುವಮ್ಮ ಬಸ್ಸು ಹತ್ತಿದಳು. ಶಾಲೆಯ ಕೋಣೆಯಲ್ಲಿ, ಮಕ್ಕಳ ಬೆಂಚುಗಳ ಮೇಲೆ, ಬರೀ ಗಂಡಸರು ಕೂತಿದ್ದರು. ಗುಂಪು ನಡೆಸುತ್ತಿದ್ದ ರಂಗಸ್ವಾಮಿ, ತಾನೂ ಒಂದು ಕಾಲದಲ್ಲಿ ಕುಡಿದು ಆಮೇಲೆ ಬಿಟ್ಟಿದ್ದ ಮುದುಕ, ಎದ್ದು ಬಂದು ಕೈ ಮುಗಿದ.

"ಬನ್ನಿ ತಾಯಿ. ಕುಡ್ಯೋರ ಮನೆ ಹೆಂಗಸ್ರೆಲ್ಲ ಪಕ್ಕದ ರೂಮಲ್ಲಿ ಅವ್ರೆ."

ಚೆಲುವಮ್ಮ ಅವನನ್ನು ತಿದ್ದದೆ ಅತ್ತ ನಡೆದಳು. ಪಕ್ಕದ ಕೋಣೆಯಲ್ಲಿ ಕುಡುಕರ ಹೆಂಡತಿಯರು ಕೂತಿದ್ದರು. ಪಾಲಹಳ್ಳಿಯ ಚಿಕ್ಕಬೋರಮ್ಮ ಜರುಗಿ ಜಾಗ ಕೊಟ್ಟಳು. ಕೈಯ ಕಟ್ಟು ನೋಡಿ, "ಅವ್ನೇ ಸುಟ್ನಾ?" ಎಂದು ಕೇಳಿದಳು. ಚೆಲುವಮ್ಮನಿಗೆ ಅಳು ಒತ್ತಿ ಬಂತು. ಅದನ್ನೇ ಉತ್ತರವೆಂದು ಎಲ್ಲರೂ ತಿಳಿದರು. ಚಿಕ್ಕಬೋರಮ್ಮ ಅವಳ ಬೆನ್ನು ಸವರುತ್ತ ಕೂತಳು. ಹಾಗೆ ಯಾರಾದರೂ ಸವರಿ ಎಷ್ಟೋ ವರ್ಷವಾಗಿತ್ತು.

ಆ ಕೈಗಾಗಿಯೇ ಮತ್ತೆ ಮತ್ತೆ ಹೋದಳು. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆಂದು ಹೊರಡುವಳು. ಹೇಳದೆ ಹಿಂದಿರುಗಿ ಇನ್ನಷ್ಟು ಕುಡಿಯುವಳು.

ಒಳಗಿನ ಮಾತು ಹೊರಗೆ ಹೋಗಬಾರದೆಂಬ ನಿಯಮವಿತ್ತು. ಆದರೂ ಹೋಯಿತು. ಒಡವೆಗೆಂದು ಚಿನ್ನ ಕೊಟ್ಟಿದ್ದವರು ಒಬ್ಬೊಬ್ಬರಾಗಿ ಬಂದು ವಾಪಸು ಕೇಳಿದರು. ಹಳೆಯ ಗಿರಾಕಿ ನಾಗರಾಜು ಮುಖಕ್ಕೇ ಹೇಳಿದ: "ಕುಡ್ಯೋ ಕೈಗೆ ಚಿನ್ನ ಕೊಡಕ್ಕಾಯ್ತದಾ ಆಚಾರ್ರೇ? ಹೆಂಡ್ತಿ ಕೈ ಬೇರೆ ಸುಟ್ರಂತೆ."

ಚಂದ್ರಶೇಖರಾಚಾರ್ ಉರಿಯಿಲ್ಲದ ಅಗ್ಗಿಷ್ಟಿಕೆಯ ಮುಂದೆ ಬಹಳ ಹೊತ್ತು ಕೂತಿದ್ದರು.

"ನಾನೇ ಹೋಗಿ ಹೇಳ್ತೀನಿ, ಕುಡ್ಯೋಳು ನಾನು ಅಂತ," ಅಂದಳು ಚೆಲುವಮ್ಮ.

"ಸುಮ್ಕಿರು. ಗಂಡ್ಸು ಕುಡುದ್ರೆ ಕುಡುಕ ಅಂತಾರೆ, ಅಷ್ಟೇಯ. ಹೆಂಗ್ಸು ಕುಡುದ್ರೆ ಏನಂತಾರೆ ಗೊತ್ತಾ? ಮಗಳಿಗೂ ಅಂಟ್ತದೆ." ಆಮೇಲೆ ಕೇಳಿದರು: "ಅಲ್ಲಿಗೋದ್ರೆ ನಿಂಗೇನಾರ ವಾಸಿ ಅನ್ಸ್ತದಾ?"

"ಅಲ್ಲಿರೋ ಗಂಟ ಕುಡೀಬೇಕು ಅನ್ಸಾಕಿಲ್ಲ ಕಣ್ರೀ."

"ಅಂಗಾದ್ರೆ ನಾನೂ ಬತ್ತೀನಿ. ಕುಡುಕನ ಹೆಂಡ್ತಿಯಾಗೇ ಹೋಗು."

ಆ ಭಾನುವಾರ ಗೋಡೆಯಾಚೆಯಿಂದ ಗಂಡನ ದನಿ ಕೇಳಿಸಿತು: "ನನ್ನ ಹೆಸ್ರು ಚಂದ್ರಶೇಖರ. ನಾನು ಕುಡುಕ." ಗಂಡಸರು ಚಪ್ಪಾಳೆ ತಟ್ಟಿದರು.

ತಿಂಗಳುಗಳು ಉರುಳಿದವು. ಆಚಾರ್ರು ಕುಡಿತ ಬಿಟ್ಟರೆಂದು ಗುಂಪಿಗೆಲ್ಲ ಹಿಗ್ಗು. "ನೀನು ಪುಣ್ಯ ಮಾಡಿದ್ದೆ ಕಣವ್ವ," ಅಂದಳು ಚಿಕ್ಕಬೋರಮ್ಮ. ಅವಳ ಗಂಡ ಇನ್ನೂ ಬಿಟ್ಟಿರಲಿಲ್ಲ. ಚೆಲುವಮ್ಮನ ಕೈಚೀಲದಲ್ಲಿ ಆಗಲೂ ಪಾಕೀಟಿತ್ತು.

ರಂಗಸ್ವಾಮಿ ಆಚಾರ್ರಿಗೆ ಹಾರ ಹಾಕಿದ ದಿನ ಅವಳಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಗಂಡಸರ ಕೋಣೆಯ ಬಾಗಿಲಲ್ಲಿ ನಿಂತಳು.

"ಅವ್ರು ಒಂದು ತೊಟ್ಟೂ ಮುಟ್ದೋರಲ್ಲ. ಕುಡ್ಯೋಳು ನಾನು."

ಯಾರೋ ನಕ್ಕರು. ಮತ್ಯಾರೂ ನಗಲಿಲ್ಲ. ಚಂದ್ರಶೇಖರಾಚಾರ್ ಹಾರ ತೆಗೆದು ಬೆಂಚಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದರು.

"ಕೂತ್ಕಳಿ ತಾಯಿ," ಅಂದ ರಂಗಸ್ವಾಮಿ. "ನಿಮ್ಮಂಗೆ ಹೆಂಗಸ್ರು ಇಲ್ಲಿಗೆ ಯಾರೂ ಬಂದಿಲ್ಲ. ಮೈಸೂರಲ್ಲಿ ಅವ್ರೇನೋ, ಕೇಳಿ ನೋಡ್ತೀನಿ."

ಅವಳು ಕೂತಳು. ಮುಗಿಯುವವರೆಗೂ ಗಂಡಸರ ಮಾತು ಕೇಳಿದಳು. ಹೊರಗೆ ಬಂದಾಗ ಗೇಟಿನ ಹತ್ತಿರ ಚಿಕ್ಕಬೋರಮ್ಮ ಕಾಯುತ್ತಿದ್ದಳು.

"ನಮ್ಮನೇಲಿ ಬಿದ್ದಿರ್ತಾನಲ್ಲ, ಅಂತೋಳೇ ನೀನೂವೆ. ನಿನ್ನ ಬೆನ್ನು ಸವರ್ದೆನಲ್ಲೇ ನಾನು!"

ಕುಡಿಯುವವಳಿರುವ ಮನೆಗೆ ಊರಿನವರು ಮತ್ತೆ ಚಿನ್ನ ಕೊಡಲಿಲ್ಲ. ಚಂದ್ರಶೇಖರಾಚಾರ್ ಈಗ ಮೈಸೂರಿನಲ್ಲಿ ಯಾರದೋ ಅಂಗಡಿಗೆ ಕೂಲಿ ಕೆಲಸಕ್ಕೆ ಹೋಗುತ್ತಾರೆ. ಹೆಂಡತಿಯನ್ನು ಬೈದಿಲ್ಲ. ಒಮ್ಮೆ ಊಟ ಮಾಡುತ್ತ, "ಹೇಳ್ಬಾರ್ದಾಗಿತ್ತು ನೀನು," ಅಂದರು, ಅಷ್ಟೇ. ಕೀರ್ತನ ಹಾಸ್ಟೆಲಿಗೆ ಹೋದವಳು ಹಬ್ಬಕ್ಕೂ ಬರುವುದಿಲ್ಲ. ಮೈಸೂರಿನ ವಿಳಾಸ ತಿಳಿಸಲು ರಂಗಸ್ವಾಮಿ ಫೋನು ಮಾಡಿದ್ದ. ಚೆಲುವಮ್ಮ ಹೋಗಲಿಲ್ಲ. ಅಲ್ಲಿಯೂ ಯಾರಾದರೂ ಮೊದಲು ಪ್ರೀತಿ ತೋರಿಸಿ ಆಮೇಲೆ ಕೈ ಹಿಂತೆಗೆದುಕೊಂಡರೆ ಎಂಬ ಹೆದರಿಕೆ. ಪಾಕೀಟನ್ನು ಈಗ ಪೇಪರಿನಲ್ಲಿ ಸುತ್ತಿಸುವುದೂ ಇಲ್ಲ.

ಕಳೆದ ಭಾನುವಾರ ತಲೆ ಬಾಚಿ, ಒಗೆದ ಸೀರೆ ಉಟ್ಟು ಪಾಂಡವಪುರದವರೆಗೆ ಹೋಗಿದ್ದಳು. ಬಸ್ ಸ್ಟ್ಯಾಂಡಿನಿಂದ ಶಾಲೆ ದೂರವೇನಿಲ್ಲ. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತಳು. ಊರಿನ ಕಡೆ ಹೋಗುವ ಶ್ರೀರಂಗಪಟ್ಟಣದ ಬಸ್ಸು ಬಂದಾಗ ಎದ್ದು ಹತ್ತಿಕೊಂಡಳು.